ಗೆರೆಯ ಕಾಯಕಕ್ಕೊಂದು ತಕ್ಕ ಪರದೆ

ಕಾಯಕಕ್ಕೆ ತಕ್ಕ ಉಪಕರಣ ಬೇಕೆಂಬುದು ನಮ್ಮ ಮನೆತನಗಳಿಗೆ ಹೊಸ ಮಾತಲ್ಲ. ನುಲಿಯ ಚಂದಯ್ಯನವರಿಗೆ ಹುಲ್ಲಿನ ಗುಣ ಗೊತ್ತಿತ್ತು, ಮೇದಾರ ಕೇತಯ್ಯನವರಿಗೆ ಬಿದಿರಿನ ಗುಣ ಗೊತ್ತಿತ್ತು, ಅಂಬಿಗರ ಚೌಡಯ್ಯನವರಿಗೆ ದೋಣಿಯ ಗುಣ ಗೊತ್ತಿತ್ತು. ಇಂದು ನಮ್ಮ ಮನೆಗಳ ಎಷ್ಟೋ ಮಕ್ಕಳು ಗೆರೆಯನ್ನೇ ಕಾಯಕ ಮಾಡಿಕೊಂಡಿದ್ದಾರೆ. ಕಟ್ಟಡದ ನಕಾಶೆ, ಬೆಳಗಾವಿಯ ಎರಕದ ಕಾರ್ಖಾನೆಗಳಿಗೆ ಬೇಕಾದ ಅಚ್ಚು, ಬೆಂಗಳೂರಿನ ಪೀಣ್ಯದಲ್ಲಿ ತಯಾರಾಗುವ ಯಂತ್ರದ ಬಿಡಿಭಾಗ, ಇವೆಲ್ಲ ಈಗ ಮೊದಲು ಮೂಡುವುದು ಕಂಪ್ಯೂಟರಿನ ಪರದೆಯ ಮೇಲೆ. ಈ ವಿದ್ಯೆಗೆ ಕ್ಯಾಡ್ ಎಂದು ಹೆಸರು. ಅದಕ್ಕೆ ಬೇಕಾದ ಪರದೆಯನ್ನು, ಎಂದರೆ ಮಾನಿಟರನ್ನು, ಹೇಗೆ ಆರಿಸಬೇಕೆಂದು ನಾಲ್ಕು ಮಾತು ಬರೆಯಲು ಹೊರಟಿದ್ದೇವೆ. ಮಠದಲ್ಲಿ ಸಂಸ್ಕೃತ ಮತ್ತು ವಚನಶಾಸ್ತ್ರ ಓದಿದವರಿಗೆ ಈ ವಿಷಯವೇಕೆ ಎಂದು ಓದುಗ ಬಂಧುಗಳು ಕೇಳಬಹುದು. ನಾವೇ ಮಾಡಿದ ಒಂದು ತಪ್ಪು ನಮಗೆ ಈ ಪಾಠ ಕಲಿಸಿತು. ಅದನ್ನು ಮೊದಲು ಒಪ್ಪಿಸಿಬಿಡುತ್ತೇವೆ.

2018ರಲ್ಲಿ ನಾವು ನೋಡಿಕೊಳ್ಳುತ್ತಿದ್ದ ಪ್ರಸಾದನಿಲಯದ ಮಕ್ಕಳಿಗಾಗಿ ಒಂದು ಕ್ಯಾಡ್ ಕೋಣೆ ಮಾಡಬೇಕೆಂದು ಸದ್ಭಕ್ತ ಮನೆತನವೊಂದು ತಾಯಿಯ ಸ್ಮರಣಾರ್ಥವಾಗಿ ಹಣ ಕೊಟ್ಟಿತು. ಪರದೆ ದೊಡ್ಡದಾದಷ್ಟೂ ಮಕ್ಕಳ ಕಣ್ಣಿಗೆ ಹಿತವೆಂದು ನಾವು ಭಾವಿಸಿದೆವು. ಅಂಗಡಿಯವರು “ಟಿವಿಯಾದರೇನು, ಮಾನಿಟರಾದರೇನು, ಎರಡೂ ಒಂದೇ” ಎಂದರು. ಅದೇ ಹಣಕ್ಕೆ 32 ಅಂಗುಲದ ಟಿವಿಗಳು ಬರುತ್ತವೆಂದು ಹಿಗ್ಗಿ ನಾಲ್ಕನ್ನು ಕೊಂಡು ತಂದೆವು. ಒಂದು ತಿಂಗಳೊಳಗೆ ಮಕ್ಕಳು ತಲೆನೋವೆಂದು ಕೋಣೆಗೆ ಬರುವುದನ್ನೇ ಬಿಡತೊಡಗಿದರು. ಕೊನೆಯ ವರ್ಷದ ಒಬ್ಬ ವಿದ್ಯಾರ್ಥಿನಿ ಮಾತ್ರ ಪಟ್ಟು ಹಿಡಿದು ಕೂತಳು. “ಗುರುಗಳ, ಗೆರೀ ನೆಟ್ಟಗಿಲ್ರಿ, ಮೆಟ್ಟಲಾ ಮೆಟ್ಟಲಾ ಕಾಣತಾವ್ರಿ” ಎಂದು ಅವಳು ಎರಡು ಬಾರಿ ಹೇಳಿದಳು. ನಾವು ಕಿವಿಗೊಡಲಿಲ್ಲ. ಅವಳು ತರಬೇತಿಗೆ ಹೋಗುತ್ತಿದ್ದ ಕಾರ್ಯಾಗಾರದ ನಕ್ಷೆಯೊಂದನ್ನು ನಿಲಯದಲ್ಲಿಯೇ ಮುಗಿಸುವಾಗ, ಮಸುಕಾಗಿ ಕಂಡ 38 ಎಂಬ ಅಳತೆಯನ್ನು 33 ಎಂದು ಓದಿದಳು. ಅಲ್ಲಿ ಉಕ್ಕಿನ ತಗಡು ಆ ಅಳತೆಗೇ ಕತ್ತರಿಸಲ್ಪಟ್ಟಿತು. ಕಾರ್ಯಾಗಾರದ ಯಜಮಾನರು ದೊಡ್ಡ ಮನಸ್ಸಿನವರು, ನಷ್ಟವನ್ನು ತಾವೇ ನುಂಗಿಕೊಂಡರು. ಆದರೆ ಆ ರಾತ್ರಿ ಹುಡುಗಿ ಪ್ರಸಾದ ಸ್ವೀಕರಿಸಲಿಲ್ಲ. ತಪ್ಪು ಅವಳದಾಗಿರಲಿಲ್ಲ, ನಮ್ಮದಾಗಿತ್ತು. ಮರುದಿನದಿಂದ ನಾವು ಬಲ್ಲವರ ಬಳಿ ಶಿಷ್ಯರಂತೆ ಕುಳಿತು ಈ ವಿಷಯವನ್ನು ಕಲಿತೆವು.

ಪರದೆಯ ಮೇಲೆ ಗೆರೆ ಎಳೆಯುವ ವಿದ್ಯೆಗೆ ಈಗ ಅರವತ್ತು ವರ್ಷ ದಾಟಿದೆ. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವಾನ್ ಸದರ್ಲೆಂಡ್ ಎಂಬ ತರುಣ ವಿದ್ವಾಂಸರು ತಮ್ಮ ಪ್ರೌಢಪ್ರಬಂಧಕ್ಕಾಗಿ ‘ಸ್ಕೆಚ್‌ಪ್ಯಾಡ್’ ಎಂಬ ವ್ಯವಸ್ಥೆ ರಚಿಸಿ, ಬೆಳಕಿನ ಲೇಖನಿಯಿಂದ ಗಾಜಿನ ಪರದೆಯ ಮೇಲೆ ರೇಖೆಗಳನ್ನು ಎಳೆದು ತೋರಿಸಿದರು. ಅದೇ 1963ರಲ್ಲಿ ತುಮಕೂರಿನಲ್ಲಿ ಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರ ಕೃಪೆಯಿಂದ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯವೂ, ಬಾಗಲಕೋಟೆಯಲ್ಲಿ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜೂ ಆರಂಭವಾದವು. ಅಲ್ಲಿ ಓದಿದ ಮೊದಲ ತಲೆಮಾರಿನವರು ಮರದ ಹಲಗೆ, ಟಿ-ಚೌಕ, ಮಸಿಲೇಖನಿಗಳಿಂದ ನಕ್ಷೆ ಬರೆದರು. 1982ರಲ್ಲಿ ಆಟೋಕ್ಯಾಡ್ ಹೊರಬಂದ ಮೇಲೆ ಹಲಗೆಯ ಜಾಗಕ್ಕೆ ಪರದೆ ಬರತೊಡಗಿತು. ಹಲಗೆಯ ಮೇಲಿನ ಕಾಗದ ಗೆರೆಯನ್ನು ಎಂದೂ ಒಡೆದು ತೋರಿಸುತ್ತಿರಲಿಲ್ಲ. ಪರದೆ ಒಡೆದು ತೋರಿಸುತ್ತದೆ. ಮಾನಿಟರಿನ ಆಯ್ಕೆಯ ಮರ್ಮವೆಲ್ಲ ಇಲ್ಲಿಯೇ ಇದೆ.

ಪರದೆಯೆಂಬುದು ಚೌಕಳಿ ಬಟ್ಟೆಯಂತೆ ಸಣ್ಣ ಸಣ್ಣ ಬಿಂದುಗಳ ನೇಯ್ಗೆ. ಈ ಬಿಂದುವಿಗೆ ಪಿಕ್ಸೆಲ್ ಎನ್ನುತ್ತಾರೆ. ಅಡ್ಡಗೆರೆ, ನಿಲುಗೆರೆಗಳು ಈ ಸಾಲುಗಳಲ್ಲಿ ನೆಟ್ಟಗೆ ಕೂಡುತ್ತವೆ. ಓರೆಗೆರೆಯೂ ವೃತ್ತವೂ ಒಂದು ಸಾಲಿನಿಂದ ಇನ್ನೊಂದಕ್ಕೆ ಜಿಗಿಯುತ್ತ ಹೋಗುತ್ತವೆ. ಬಿಂದು ದಪ್ಪವಾಗಿದ್ದರೆ ಆ ಜಿಗಿತ ಮೆಟ್ಟಿಲಾಗಿ ಕಾಣುತ್ತದೆ. ನಮ್ಮ ವಿದ್ಯಾರ್ಥಿನಿ ಹೇಳಿದ ಮಾತು ಅಕ್ಷರಶಃ ಸತ್ಯವಾಗಿತ್ತು. ಆ ಟಿವಿಗಳಲ್ಲಿ ಅಡ್ಡಕ್ಕೆ 1366, ಉದ್ದಕ್ಕೆ 768 ಬಿಂದುಗಳಷ್ಟೇ ಇದ್ದವು. 32 ಅಂಗುಲಕ್ಕೆ ಅಷ್ಟೇ ಬಿಂದುಗಳನ್ನು ಹರಡಿದಾಗ ಒಂದೊಂದು ಬಿಂದುವಿನ ಅಗಲ ಅರ್ಧ ಮಿಲಿಮೀಟರನ್ನು ಮೀರಿತು. ಆರೋಗ್ಯವಂತ ಕಣ್ಣು 60 ಸೆಂಟಿಮೀಟರ್ ದೂರದಿಂದ ಸುಮಾರು 0.17 ಮಿಲಿಮೀಟರಿನ ಭೇದವನ್ನು ಗುರುತಿಸಬಲ್ಲದು. ಟಿವಿಯನ್ನು ಹತ್ತು ಅಡಿ ದೂರದಿಂದ ನೋಡುವಾಗ ಈ ಒರಟುತನ ಗೊತ್ತಾಗುವುದಿಲ್ಲ. ಮೇಜಿನ ಮೇಲಿಟ್ಟು ಕುಳಿತರೆ ಮುಚ್ಚಿಡಲಾಗುವುದಿಲ್ಲ. ಅಲ್ಲದೆ ಎಷ್ಟೋ ಟಿವಿಗಳು ಚಿತ್ರವನ್ನು ತಮ್ಮದೇ ರೀತಿಯಲ್ಲಿ ತಿದ್ದಿ ತೋರಿಸುವುದರಿಂದ ಸಣ್ಣ ಅಕ್ಷರ, ಬಣ್ಣದ ತೆಳುಗೆರೆಗಳು ಕದಡುತ್ತವೆ.

ಆದ್ದರಿಂದ ಅಂಗುಲವನ್ನೂ ಬಿಂದುಗಳ ಸಂಖ್ಯೆಯನ್ನೂ ಒಟ್ಟಿಗೆ ನೋಡಬೇಕು. 1920×1080 ಬಿಂದುಗಳ ಪರದೆಗೆ ಫುಲ್ ಎಚ್‌ಡಿ ಎನ್ನುತ್ತಾರೆ. ಇದು 24 ಅಂಗುಲದಲ್ಲಿದ್ದರೆ ಬಿಂದುವಿನ ಅಗಲ ಸುಮಾರು 0.28 ಮಿಲಿಮೀಟರ್. ಕಲಿಯುವ ಮಕ್ಕಳಿಗೆ, ಸಾಧಾರಣ ನಕ್ಷೆಗಳಿಗೆ ಇಷ್ಟು ಸಾಕು. ಇದೇ ಬಿಂದುಗಳನ್ನು 27 ಅಂಗುಲಕ್ಕೆ ಹಿಗ್ಗಿಸಿದ ಪರದೆ ಅಗ್ಗಕ್ಕೆ ಸಿಕ್ಕರೂ ಕೊಳ್ಳಬಾರದು, ಗೆರೆ ಒರಟಾಗುತ್ತದೆ. 27 ಅಂಗುಲಕ್ಕೆ 2560×1440 ಬಿಂದುಗಳಿರಬೇಕು. ಇದರಲ್ಲಿ ಬಿಂದುವಿನ ಅಗಲ 0.23 ಮಿಲಿಮೀಟರಿಗೆ ಇಳಿಯುತ್ತದೆ, ನಕ್ಷೆಯೂ ಪರಿಕರಗಳ ಪಟ್ಟಿಗಳೂ ಒಟ್ಟಿಗೆ ಕೂಡಲು ಜಾಗ ಸಿಗುತ್ತದೆ. ದಿನವಿಡೀ ಇದನ್ನೇ ವೃತ್ತಿಯಾಗಿ ಮಾಡುವವರಿಗೆ ಬೆಲೆಗೂ ಉಪಯೋಗಕ್ಕೂ ಇದು ಸಮತೂಕದ ಆಯ್ಕೆ. 3840×2160 ಬಿಂದುಗಳ 4ಕೆ ಪರದೆಯಲ್ಲಿ 27 ಅಂಗುಲಕ್ಕೆ ಗೆರೆ ಅಚ್ಚೊತ್ತಿದಂತೆ ಕಾಣುತ್ತದೆ. ಆದರೆ ಅಲ್ಲಿ ಅಕ್ಷರಗಳು ತೀರ ಸಣ್ಣವಾಗುವುದರಿಂದ ಅವುಗಳನ್ನು ಒಂದೂವರೆ ಪಟ್ಟು ಹಿಗ್ಗಿಸಿಕೊಳ್ಳಬೇಕಾಗುತ್ತದೆ, ಕೆಲವು ಹಳೆಯ ತಂತ್ರಾಂಶಗಳು ಇದಕ್ಕೆ ಸರಿಯಾಗಿ ಹೊಂದಿಕೊಳ್ಳುವುದಿಲ್ಲ. ಫುಲ್ ಎಚ್‌ಡಿಯ ನಾಲ್ಕು ಪಟ್ಟು ಬಿಂದುಗಳನ್ನು ತುಂಬುವ ಭಾರವೂ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡಿನ ಮೇಲೆ ಬೀಳುತ್ತದೆ. ಬಡಕಲು ಎತ್ತಿಗೆ ಹೇರು ಗಾಡಿ ಕಟ್ಟಬಾರದು. ಕಂಪ್ಯೂಟರಿನ ಶಕ್ತಿ ತಿಳಿದೇ 4ಕೆ ಪರದೆಗೆ ಕೈಹಾಕಬೇಕು.

ಎರಡನೆಯದು ಪರದೆಯ ಜಾತಿ. ಟಿಎನ್ ಎಂಬುದರಲ್ಲಿ ಸ್ವಲ್ಪ ಓರೆಯಿಂದ ನೋಡಿದರೂ ಬಣ್ಣ ಬದಲಾಗುತ್ತದೆ. ವಿಎ ಎಂಬುದರಲ್ಲಿ ಕಪ್ಪು ಗಾಢವಾಗಿ ಕಾಣುತ್ತದೆ. ಐಪಿಎಸ್ ಎಂಬುದರಲ್ಲಿ ಎತ್ತಲಿಂದ ನೋಡಿದರೂ ಬಣ್ಣ ಬಹುಮಟ್ಟಿಗೆ ಒಂದೇ. ಇಬ್ಬರು ಮೂವರು ಒಟ್ಟಿಗೆ ಕುಳಿತು ನಕ್ಷೆ ಪರಿಶೀಲಿಸುವ ಕಾಯಕಕ್ಕೆ ಐಪಿಎಸ್ ಒಳ್ಳೆಯದು. ಓಎಲ್‌ಇಡಿ ಪರದೆಯ ಸೊಬಗು ಹೆಚ್ಚು, ಬೆಲೆಯೂ ಹೆಚ್ಚು. ಕ್ಯಾಡ್ ಕೆಲಸದಲ್ಲಿ ಪರಿಕರಗಳ ಪಟ್ಟಿ ಗಂಟೆಗಟ್ಟಲೆ ಒಂದೇ ಜಾಗದಲ್ಲಿ ನಿಲ್ಲುವುದರಿಂದ ಓಎಲ್‌ಇಡಿಯಲ್ಲಿ ಅದರ ಛಾಯೆ ಕಾಲಾಂತರದಲ್ಲಿ ಅಳಿಯದಂತೆ ಉಳಿಯುವ ಭಯವಿದೆ. ಬಣ್ಣದ ವಿಷಯದಲ್ಲಿ ಯಂತ್ರದ ನಕ್ಷೆ ಬರೆಯುವವರು ಹೆಚ್ಚು ಚಿಂತಿಸಬೇಕಿಲ್ಲ. ಮನೆಯ ಒಳಾಂಗಣವನ್ನು ಬಣ್ಣಸಹಿತ ತೋರಿಸುವ ವಾಸ್ತುಶಿಲ್ಪಿಗಳು ಮಾತ್ರ ಎಸ್‌ಆರ್‌ಜಿಬಿ ಎಂಬ ವರ್ಣಮಾನವನ್ನು ಪೂರ್ಣವಾಗಿ ತೋರಿಸುವ ಪರದೆಯನ್ನು ಕೇಳಿ ಕೊಳ್ಳಬೇಕು.

ಅಂಗಡಿಗಳಲ್ಲಿ ಬಾಗಿದ ಪರದೆಗಳು ಕಣ್ಸೆಳೆಯುತ್ತವೆ. ಗೆರೆ ನೆಟ್ಟಗಿದೆಯೋ ಇಲ್ಲವೋ ಎಂದು ಕಣ್ಣಳತೆಯಿಂದ ನೋಡುವ ಕೆಲಸಕ್ಕೆ ಬಾಗಿದ ಹಲಗೆ ಹೊಂದದು, ಸಪಾಟಾದದ್ದೇ ವಾಸಿ. ಸೆಕೆಂಡಿಗೆ 144, 240 ಬಾರಿ ಚಿತ್ರ ಬದಲಿಸುತ್ತದೆಂಬ ಹೊಗಳಿಕೆಯೂ ಆಟವಾಡುವವರಿಗೇ ಹೊರತು ನಕ್ಷೆ ಬರೆಯುವವರಿಗಲ್ಲ. 60ರಿಂದ 75 ಬಾರಿ ಇದ್ದರೆ ಧಾರಾಳವಾಯಿತು. ಹೊಳಪು ಗಾಜಿಗಿಂತ ಮಂಕು ಮೇಲ್ಮೈಯ ಪರದೆ ಲೇಸು. ಅದರಲ್ಲಿ ಕಿಟಕಿಯ ಬೆಳಕು, ದೀಪದ ಬೆಳಕು ಪ್ರತಿಫಲಿಸಿ ಕಣ್ಣಿಗೆ ಹೊಡೆಯುವುದಿಲ್ಲ. ಮಿಣುಕಿಲ್ಲದ್ದು, ಎಂದರೆ ಫ್ಲಿಕರ್-ಫ್ರೀ ಎಂದು ನಮೂದಾಗಿರುವುದನ್ನು ಕೇಳಿ. ತಂತಿಯ ವಿಚಾರದಲ್ಲಿಯೂ ಎಚ್ಚರ ಬೇಕು. 4ಕೆ ಪರದೆ ತಂದು ಹಳೆಯ ಎಚ್‌ಡಿಎಂಐ 1.4ರ ಕಿಂಡಿಗೆ ಜೋಡಿಸಿದರೆ ಸೆಕೆಂಡಿಗೆ 30 ಚಿತ್ರವಷ್ಟೇ ಬರುತ್ತದೆ, ಇಲಿಯನ್ನು ಸರಿಸಿದರೆ ಗುರುತು ತಡವರಿಸುತ್ತದೆ. ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2 ಇದ್ದರೆ 60 ಚಿತ್ರ ದೊರೆಯುತ್ತದೆ.

ಇನ್ನು ಕಣ್ಣಿನ ಮಾತು. ಇಷ್ಟಲಿಂಗಪೂಜೆಯಲ್ಲಿ ಅಂಗೈಯ ಲಿಂಗದ ಮೇಲೆ ದೃಷ್ಟಿ ನೆಟ್ಟು ಕೂಡುವ ಅಭ್ಯಾಸ ನಮಗೆಲ್ಲ ಇದೆ. ಅದು ಕೆಲವು ಹೊತ್ತಿನ, ಚಿತ್ತ ತಣಿಸುವ ನೋಟ. ಈ ಮಕ್ಕಳ ನೋಟವಾದರೋ ದಿನಕ್ಕೆ ಎಂಟು ಗಂಟೆಯದು. ಸಹಜವಾಗಿ ನಿಮಿಷಕ್ಕೆ 15 ಬಾರಿ ಮಿಟುಕುವ ರೆಪ್ಪೆ ಪರದೆಯ ಮುಂದೆ ಅದರ ಅರ್ಧಕ್ಕೂ ಕಡಿಮೆ ಮಿಟುಕುತ್ತದೆ. ಕಣ್ಣು ಒಣಗಿ ಉರಿಯುವುದು ಇದರಿಂದ. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಬೇಕೆಂದು ನೇತ್ರವೈದ್ಯರು ಹೇಳುತ್ತಾರೆ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗಿರಬೇಕು, ದೂರ ಒಂದು ತೋಳಿನಷ್ಟಿರಬೇಕು. ಆದಕಾರಣ ಎತ್ತರ ಬದಲಿಸಬಹುದಾದ ಕಾಲುಳ್ಳ ಮಾನಿಟರಿಗೆ ಸ್ವಲ್ಪ ಹೆಚ್ಚು ಹಣ ಕೊಟ್ಟರೂ ನಷ್ಟವಲ್ಲ. ಅಷ್ಟು ಕೈಗೂಡದಿದ್ದರೆ ಕಾಲಿನ ಕೆಳಗೆ ಮರದ ಮಣೆಯೊಂದನ್ನಿಟ್ಟರೂ ಆಯಿತು. ತಲೆನೋವು ಬಿಡದಿದ್ದರೆ ಪರದೆಯನ್ನು ದೂರುವ ಮೊದಲು ಮಗುವಿನ ಕಣ್ಣು ತೋರಿಸಿರಿ.

ಕೊಳ್ಳುವ ದಿನ ಅಂಗಡಿಯಲ್ಲಿಯೇ ಪರದೆ ಹಚ್ಚಿಸಿ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿಗಳನ್ನು ಪೂರ್ತಿ ತುಂಬಿಸಿ ನೋಡಬೇಕು. ಸತ್ತ ಬಿಂದುಗಳಿದ್ದರೆ ಆಗಲೇ ಕಾಣುತ್ತವೆ. ತೆಳುವಾದ ಓರೆಗೆರೆಗಳೂ ಸಣ್ಣ ಅಂಕಿಗಳೂ ಇರುವ ನಕ್ಷೆಯೊಂದನ್ನು ತೆರೆಸಿ ನೋಡಬೇಕು. ಭಾರತೀಯ ಮಾನಕ ಸಂಸ್ಥೆಯ ನೋಂದಣಿ ಗುರುತು, ಖಾತರಿಯ ಅವಧಿ, ಬಿಲ್ಲು ಇವುಗಳನ್ನು ಕೇಳಿ ಪಡೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅದರ ಮುಂದೆ ಕೂಡುವ ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು ಹೋಗಬೇಕು. ನಾವು ಬಿಟ್ಟದ್ದು ಈ ಒಂದು ಹೆಜ್ಜೆಯನ್ನೇ.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ತಾಯಿ ಲಕ್ಕಮ್ಮನವರು ಹೇಳಿದ ಪ್ರಸಂಗ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಮಾನಿಟರಿನ ಪೇಟೆಯಲ್ಲಿ ಈ ತಾಯಿ ನಮ್ಮ ಜೊತೆಗಿರಬೇಕು. ಬಾಗಿದ ಪರದೆ, 240ರ ವೇಗ, ಬಣ್ಣಬಣ್ಣದ ದೀಪ, ಇವೆಲ್ಲ ಹೆಚ್ಚಿನ ಅಕ್ಕಿ. ಹಾಗೆಂದು ಅಗತ್ಯಕ್ಕಿಂತ ಕಡಿಮೆ ತಂದು ಹಸಿದಿರಬೇಕೆಂದು ಆ ತಾಯಿ ಹೇಳಲಿಲ್ಲ. ನಾವು ಟಿವಿ ತಂದಾಗ ಮಿತವ್ಯಯ ಮಾಡಿದೆವೆಂದು ತಿಳಿದಿದ್ದೆವು. ನಿಜವಾಗಿ ಆ ದಾಸೋಹದ ಹಣವನ್ನೂ ಮಕ್ಕಳ ಕಣ್ಣನ್ನೂ ದುಂದುಮಾಡಿದ್ದೆವು.

ಹಣ ಕೊಟ್ಟ ಮನೆತನದ ಹಿರಿಯರ ಮುಂದೆ ಹೋಗಿ ನಡೆದದ್ದನ್ನು ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಟಿವಿ ಪ್ರಸಾದದ ಮನ್ಯಾಗ ಪ್ರವಚನ ಕೇಳಾಕ ಹಾಕ್ರಿ, ಈ ಸಲ ಆ ಹುಡಗೀನ್ನ ಕರಕೊಂಡ ಹೋಗಿ ತರ್ರಿ” ಎಂದರು. ಹಾಗೆಯೇ ಮಾಡಿದೆವು. ಅವಳು ಆರಿಸಿದ್ದು 24 ಅಂಗುಲದ, ಐಪಿಎಸ್ ಜಾತಿಯ, ಫುಲ್ ಎಚ್‌ಡಿಯ ಸಾದಾ ಮಾನಿಟರುಗಳನ್ನು. ಎತ್ತರಕ್ಕೆ ಮಣೆಗಳನ್ನು ನಿಲಯದ ಬಡಗಿಯೇ ಮಾಡಿಕೊಟ್ಟರು. ಮೊದಲ ದಿನ ಅವಳು ಒಂದು ವೃತ್ತ ಎಳೆದು ನಮ್ಮನ್ನು ಕರೆದು ತೋರಿಸಿದಳು. ಅದು ವೃತ್ತದಂತೆಯೇ ಕಂಡಿತು. ಅದರ ಪಕ್ಕದಲ್ಲಿ 38 ಎಂದು ಬರೆದಿದ್ದಳು. ನಮ್ಮ ಮುಪ್ಪಿನ ಕಣ್ಣಿಗೂ ಅದು ಸ್ಪಷ್ಟವಾಗಿ 38 ಎಂದೇ ಓದಿಸಿಕೊಂಡಿತು.