ಸಂತಿ ಮುಗಿಯದ ಊರು

ನಗರ ಅಂದಕೂಡಲೇ ನಮಗೆ ಎತ್ತರದ ಕಟ್ಟಡ, ಮೆಟ್ರೋ ರೈಲು, ರಾತ್ರಿಯೆಲ್ಲಾ ಉರಿಯುವ ದೀಪ ನೆನಪಾಗುತ್ತವೆ. ಆದರೆ ಅಷ್ಟು ದೊಡ್ಡ ಊರು ಹೆಂಗ ಆಗುತ್ತದೆ? ನನಗೆ ತಿಳಿದಂತೆ, ಸಂತಿಗೆ ಬಂದ ಮಂದಿ ತಿರುಗಿ ಹೋಗದೆ ಅಲ್ಲೇ ಉಳಿದರೆ ಅದು ಪೇಟೆ. ಪೇಟೆಗಳು ಕೂಡಿ ಬೆಳೆದರೆ ನಗರ. ಬೆಳಗಾವಿಯಲ್ಲಿ ರವಿವಾರ ಪೇಠ, ಮಂಗಳವಾರ ಪೇಠ, ಶುಕ್ರವಾರ ಪೇಠ ಎಂದು ವಾರದ ಹೆಸರಿನ ಭಾಗಗಳೇ ಇವೆ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಬೆಂಗಳೂರಿನ ಹಳೇ ಭಾಗದಲ್ಲಿ ಅಕ್ಕಿಪೇಟೆ, ರಾಗಿಪೇಟೆ, ಕುಂಬಾರಪೇಟೆ ಇವೆ. ಹೆಸರು ಕೇಳಿದರೇ ಅಲ್ಲಿ ಏನು ನಡೀತಿತ್ತು ಅಂತ ತಿಳೀತದ.

ಗಿರಣಿಯಿಂದಲೂ ಊರು ಹುಟ್ಟುತ್ತದೆ. ನಮ್ಮ ಗೋಕಾಕ ಫಾಲ್ಸನ್ನೇ ನೋಡಿರಿ. ಘಟಪ್ರಭಾ ನದಿ ಅಲ್ಲಿ ಸುಮಾರು 170 ಅಡಿ ಮೇಲಿಂದ ಬೀಳುತ್ತದೆ. ಆ ನೀರಿನ ಬಲದಿಂದ 1880ರ ದಶಕದಲ್ಲಿಯೇ ನೂಲಿನ ಗಿರಣಿ ಶುರುವಾಯಿತು. ಕೆಲಸಗಾರರ ಮನೆ, ಅಂಗಡಿ ಎದ್ದು ಅದೊಂದು ಊರೇ ಆಯಿತು. ಬೆಂಗಳೂರಿನ ಬೀದಿಗೆ ಕರೆಂಟಿನ ದೀಪ ಬಂದದ್ದು ಅದರ ನಂತರ, 1905ರಲ್ಲಿ. ಅದೂ ದೂರದ ಶಿವನಸಮುದ್ರದ ನೀರಿನಿಂದಲೇ!

ಈಗ ಒಂದು ಲೆಕ್ಕ ಹೇಳತೀನಿ. 2011ರ ಜನಗಣತಿಯಲ್ಲಿ ಗೋಕಾಕ ಪಟ್ಟಣದ ಜನ 80 ಸಾವಿರದ ಹತ್ತಿರ. ಬೆಂಗಳೂರಿನವರು 84 ಲಕ್ಷ. ಅಂದರೆ ನೂರಕ್ಕೂ ಹೆಚ್ಚು ಗೋಕಾಕ ಒಂದೇ ಕಡೆ ಕೂಡಿಸಿದಂಗ. ಇಷ್ಟು ಮಂದಿ ಕುಡಿಯುವ ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ, ತಗ್ಗಿನಿಂದ ಮೇಲಕ್ಕೆ ಪಂಪಿನಿಂದ ಏರಿ ಬರಬೇಕು. 2024ರ ಬ್ಯಾಸಿಗಿಯಲ್ಲಿ ಅಲ್ಲಿ ಬೋರು ಬತ್ತಿ ಟ್ಯಾಂಕರ್ ನೀರಿಗೂ ಜಗಳ ಬಂತು. ಕುಡಿಯುವ ನೀರಿನಿಂದ ಕಾರು ತೊಳೆದರೆ 5000 ರೂಪಾಯಿ ದಂಡ ಎಂದು ಆಜ್ಞೆ ಆಯಿತು. ಬೆಳಗಾವಿಗೂ ನೀರು ಹೊರಗಿನಿಂದಲೇ. ಒಂದು ಪಾಲು ರಕ್ಕಸಕೊಪ್ಪದಿಂದ, ಇನ್ನೊಂದು ಪಾಲು ಹುಕ್ಕೇರಿ ತಾಲೂಕಿನ ಹಿಡಕಲ್ ಡ್ಯಾಮಿನಿಂದ. ಹಿಡಕಲ್ಲಿನಲ್ಲಿ ನಿಂತದ್ದು ನಮ್ಮ ಘಟಪ್ರಭೆಯ ನೀರೇ.

ನೀರಿನಂತೆ ದುಡಿಯುವ ಮಂದಿಯೂ ಹೊರಗಿನಿಂದ ಬರಬೇಕು. ನಮ್ಮ ಓಣಿಯ ಒಬ್ಬ ಅಣ್ಣ ಬೆಂಗಳೂರಿನಲ್ಲಿ ಬಿಲ್ಡಿಂಗ್ ಕೆಲಸ ಮಾಡುತ್ತಾನೆ. ಹದಿನಾಲ್ಕನೇ ಅಂತಸ್ತಿಗೆ ಗಿಲಾವ್ ಮಾಡುವವನು ತಾನು ಮಲಗುವುದು ತಗಡಿನ ಶೆಡ್ಡಿನಲ್ಲಿ. ಬಾಡಿಗೆ ಮನೆ ಹಿಡಿಯಬೇಕೆಂದರೆ ಐದಾರು ತಿಂಗಳ, ಕೆಲವು ಕಡೆ ಹತ್ತು ತಿಂಗಳ ಬಾಡಿಗೆ ಮೊದಲೇ ಅಡ್ವಾನ್ಸ್ ಕೊಡಬೇಕಂತ. ತಾನು ಕಟ್ಟಿದ ಮನೆ ಮುಗಿದ ಮ್ಯಾಲ ನೋಡಲು ಹೋದರೆ ವಾಚಮನ್ ಒಳಗ ಬಿಡಲಿಲ್ಲಂತ. ಹೊರಗಿನವರು ಬಂದು ನಗರ ಕೆಟ್ಟಿತು ಅಂತ ಕೆಲವರು ಅನ್ನುತ್ತಾರೆ. ಹಂಗಾರ ಆ ಮನೆ ಕಟ್ಟಿದವರು ಯಾರು?

ಹೋದವರು ತಮ್ಮ ಊಟ, ಮಾತು, ಹಬ್ಬ ಬಿಟ್ಟು ಹೋಗುವುದಿಲ್ಲ. ಅದಕ್ಕೇ ಬೆಂಗಳೂರಿನಲ್ಲಿ ನಮ್ಮ ಕಡೆಯ ಖಾನಾವಳಿಗಳು ಭಾಳ ಆಗಿವೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಸಿಗುತ್ತದೆ. ಆ ಅಣ್ಣ ರವಿವಾರ ತಪ್ಪದೆ ಹೋಗುತ್ತಾನೆ, ರೊಟ್ಟಿಗಿಂತ ನಮ್ಮ ಮಾತು ಕೇಳಾಕ.

ನಗರದಲ್ಲೂ ಜಾತ್ರೆ ಉಂಟು. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತೀಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ನಡೆಯುತ್ತದೆ. (ನಮ್ಮ ಶೇಂಗಾಕ್ಕೆ ಅವರು ಕಡಲೆಕಾಯಿ ಅಂತಾರ.) ದೊಡ್ಡ ಬಸವಣ್ಣ ಬೆಳೆ ಮೇಯದಿರಲಿ ಎಂದು ರೈತರು ಮೊದಲ ಫಸಲು ಅರ್ಪಿಸಿದರೆಂದು ಕತೆ. ಈಗ ಆ ಸುತ್ತ ಹೊಲವೇ ಇಲ್ಲ, ಬರೇ ಮನೆಗಳು. ಆದರೂ ಆ ದಿನ ದೂರದ ಹಳ್ಳಿಗಳಿಂದ ಚೀಲ ಬರುತ್ತವೆ, ರಸ್ತೆಯ ಎರಡೂ ಬದಿ ಶೇಂಗಾದ ರಾಶಿ ಬೀಳುತ್ತದೆ, ಮಂದಿ ಸೇರಿನ ಲೆಕ್ಕದಲ್ಲಿ ಕೊಂಡು ಸಿಪ್ಪೆ ಸುಲಿಯುತ್ತಾ ನಡೆಯುತ್ತಾರೆ.