ಜಾವಾ ಸಾಕುವವರ ಲೆಕ್ಕ

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಅಲ್ಲಿ ತಯಾರಾದ ಮೋಟಾರ್‌ಸೈಕಲ್‌ಗಳು ಮಾತ್ರ ಇನ್ನೂ ಓಡುತ್ತಿವೆ. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯಿಂದ ಲೈಸೆನ್ಸ್ ಪಡೆದು ಇರಾನಿ ಕುಟುಂಬ ಇಲ್ಲಿ 1961ರಲ್ಲಿ ಉತ್ಪಾದನೆ ಶುರು ಮಾಡಿತು. ಎಪ್ಪತ್ತರ ದಶಕದಲ್ಲಿ ಜಾವಾ ಹೋಗಿ ಯೆಜ್ಡಿ ಎಂಬ ಹೆಸರು ಬಂತು. 1978ರಲ್ಲಿ ರೋಡ್‌ಕಿಂಗ್ ಎಂಬ ಮಾದರಿ ಬಂತು. ಕರ್ನಾಟಕದಲ್ಲಿ ಹಳೆಯ ಬೈಕಿನ ಗೀಳು ಹತ್ತಿದವರು ಮೊದಲು ಹುಡುಕುವುದು ಇವನ್ನೇ. ಬುಲೆಟ್, ಯಮಹಾ ಆರ್‌ಎಕ್ಸ್ 100 ಆಮೇಲಿನ ಮಾತು. ಆದ್ದರಿಂದ ಹಳೆಯ ಬೈಕ್ ಇಟ್ಟುಕೊಳ್ಳುವುದರಲ್ಲಿ ಸುಖ ಎಷ್ಟು, ಪಡಿಪಾಟಲು ಎಷ್ಟು ಎಂಬುದನ್ನು ಜಾವಾ ಮುಂದಿಟ್ಟುಕೊಂಡೇ ನೋಡುವುದು ಒಳ್ಳೆಯದು.

ಇದರ ಮೊದಲ ಗುಣ ಸರಳತೆ. ಎಂಜಿನ್ 248.5 ಸಿಸಿಯದು, ಒಂದೇ ಸಿಲಿಂಡರ್, ಟೂ ಸ್ಟ್ರೋಕ್. ಅದಕ್ಕೆ ವಾಲ್ವ್ ಇಲ್ಲ, ಕ್ಯಾಮ್‌ಶಾಫ್ಟ್ ಇಲ್ಲ, ಕಂಪ್ಯೂಟರ್ ಅಂತೂ ಇಲ್ಲವೇ ಇಲ್ಲ. ಒಳಗೆ ಚಲಿಸುವ ಮುಖ್ಯ ಭಾಗಗಳು ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್, ಅಷ್ಟೇ. ಗಾಡಿ ನಿಂತರೆ ಕಾರಣ ಸಾಮಾನ್ಯವಾಗಿ ಎರಡೇ: ಪೆಟ್ರೋಲ್ ಬರುತ್ತಿಲ್ಲ, ಇಲ್ಲವೇ ಕಿಡಿ ಬರುತ್ತಿಲ್ಲ. ಪ್ಲಗ್ ಬಿಚ್ಚಿದರೆ ಅರ್ಧ ರೋಗ ಅಲ್ಲೇ ತಿಳಿಯುತ್ತದೆ. ತುದಿ ಒದ್ದೆಯಾಗಿದ್ದರೆ ಪೆಟ್ರೋಲ್ ಹೆಚ್ಚಾಗಿದೆ ಅಥವಾ ಕಿಡಿ ಇಲ್ಲ, ಒಣಗಿದ್ದರೆ ಕಾರ್ಬುರೇಟರ್ ಕಟ್ಟಿದೆ, ಬಿಳಿಚಿಕೊಂಡಿದ್ದರೆ ಎಂಜಿನ್ ಅತಿಯಾಗಿ ಕಾಯುತ್ತಿದೆ, ಕಾಫಿ ಬಣ್ಣವಿದ್ದರೆ ಎಲ್ಲ ಸರಿಯಾಗಿದೆ. ಹೊಸ ಬೈಕಿನಲ್ಲಿ ಒಂದು ಸೆನ್ಸರ್ ಕೆಟ್ಟರೂ ಸರ್ವಿಸ್ ಸೆಂಟರಿನ ಸ್ಕ್ಯಾನರ್ ಬೇಕು. ಇಲ್ಲಿ ಸ್ಪ್ಯಾನರ್, ಸ್ಕ್ರೂಡ್ರೈವರ್, ಕಿಡಿ ಕೊಡುವ ಪಾಯಿಂಟ್ಸ್‌ನ ಅಂತರ ಅಳೆಯುವ ಗೇಜ್ ಇದ್ದರೆ ದಾರಿಬದಿಯಲ್ಲೇ ಬಹಳಷ್ಟು ಕೆಲಸ ಮುಗಿಯುತ್ತದೆ.

ಆದರೆ ಇದು ತಾನಾಗಿ ಓಡುವ ಗಾಡಿಯಲ್ಲ, ಓಡಿಸುವವನಿಗೆ ಕೆಲಸ ಗೊತ್ತಿರಬೇಕು. ಬೆಳಗಿನ ತಂಪಿನಲ್ಲಿ ಹಳೆಯ ಜಾವಾ ಸ್ಟಾರ್ಟ್ ಮಾಡುವ ಕ್ರಮವನ್ನೇ ನೋಡಬಹುದು. ಪೆಟ್ರೋಲ್ ಟ್ಯಾಪ್ ತಿರುಗಿಸಬೇಕು. ಕಾರ್ಬುರೇಟರಿನ ಮೇಲಿರುವ ಚಿಕ್ಕ ಗುಂಡಿಯನ್ನು ಪೆಟ್ರೋಲ್ ಜಿನುಗುವವರೆಗೆ ಒತ್ತಬೇಕು. ಎಡಗಡೆಯ ಗೇರ್ ಲಿವರನ್ನು ಒಳಕ್ಕೆ ತಳ್ಳಿ ಮೇಲಕ್ಕೆತ್ತಿದರೆ ಅದೇ ಕಿಕ್ಕರ್ ಆಗುತ್ತದೆ. ಕಿಕ್ ಹೊಡೆದು, ಎಂಜಿನ್ ಶುರುವಾದ ಮೇಲೆ ಅದನ್ನು ಮುಂದಕ್ಕೆ ಮಡಚಿದರೆ ಮತ್ತೆ ಗೇರ್ ಲಿವರ್. ಗೇರ್ ಒತ್ತಿದಾಗ ಕ್ಲಚ್ಚೂ ತಾನಾಗಿ ಬಿಡುವ ವ್ಯವಸ್ಥೆ ಇರುವುದರಿಂದ ಓಡುವಾಗ ಕ್ಲಚ್ ಹಿಡಿಯದೆಯೇ ಗೇರ್ ಬದಲಿಸಬಹುದು. ಅರವತ್ತರ ದಶಕಕ್ಕೆ ಇದು ಜಾಣತನದ ವಿನ್ಯಾಸವೇ ಸರಿ. ಮನೆಗೆ ಬಂದು ಟ್ಯಾಪ್ ಮುಚ್ಚಲು ಮರೆತರೆ ಮಾತ್ರ ಬೆಲೆ ತೆರಬೇಕಾಗುತ್ತದೆ. ಕಾರ್ಬುರೇಟರಿನ ಸವೆದ ಫ್ಲೋಟ್ ನೀಡಲ್ ಪೆಟ್ರೋಲನ್ನು ತಡೆಯುವುದಿಲ್ಲ, ರಾತ್ರಿಯಿಡೀ ಅದು ಕ್ರ್ಯಾಂಕ್ ಕೇಸಿಗೆ ಇಳಿದು ಮರುದಿನ ಎಷ್ಟು ಕಿಕ್ ಹೊಡೆದರೂ ಎಂಜಿನ್ ಉಸಿರೆತ್ತುವುದಿಲ್ಲ.

ಜಾವಾದ ಟೂ ಸ್ಟ್ರೋಕ್ ಎಂಜಿನ್ನಿಗೆ ಬೇರೆ ಎಂಜಿನ್ ಆಯಿಲ್ ಇರುವುದಿಲ್ಲ. ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ಲೀಟರಿಗೆ 40 ಮಿ.ಲೀ. ಎಂಬುದು ಜಾವಾ ಸವಾರರ ವಾಡಿಕೆಯ ಅಳತೆ. ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಹೊಗೆಯೂ ಸೈಲೆನ್ಸರಿನಲ್ಲಿ ಕಾರ್ಬನ್ನೂ ಹೆಚ್ಚುತ್ತವೆ. ಕಾರ್ಬನ್ ಕಟ್ಟಿದ ಗಾಡಿ ಏರು ಹತ್ತಲು ಒದ್ದಾಡುತ್ತದೆ. ಸೈಲೆನ್ಸರಿನ ಒಳಕೊಳವೆ ಕಳಚಿ ಸುಟ್ಟು ತೊಳೆದರೆ ಮತ್ತೆ ಮೊದಲಿನಂತಾಗುತ್ತದೆ.

ಹಳೆಯ ಗಾಡಿಯಲ್ಲಿ ಕಣ್ಣಿಗೆ ಕಾಣದೆ ಕೈಕೊಡುವ ಭಾಗವೆಂದರೆ ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲ್. ಟೂ ಸ್ಟ್ರೋಕ್ ಎಂಜಿನ್ ತನ್ನ ಕ್ರ್ಯಾಂಕ್ ಕೇಸನ್ನೇ ಪಂಪಿನಂತೆ ಬಳಸಿಕೊಂಡು ಗಾಳಿ–ಪೆಟ್ರೋಲ್ ಮಿಶ್ರಣವನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಅಲ್ಲಿ ಗಾಳಿ ಸೋರಬಾರದು. ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತ ಗಾಡಿಯ ರಬ್ಬರ್ ಸೀಲ್ ಒಣಗಿ ಗಟ್ಟಿಯಾಗಿರುತ್ತದೆ. ಡೈನಮೋ ಬದಿಯ ಸೀಲ್ ಹೋದರೆ ಹೊರಗಿನ ಗಾಳಿ ನುಗ್ಗಿ ಎಂಜಿನ್ ಕಾದು ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಕ್ಲಚ್ ಬದಿಯ ಸೀಲ್ ಹೋದರೆ ಗೇರ್‌ಬಾಕ್ಸ್ ಆಯಿಲನ್ನೇ ಎಂಜಿನ್ ಕುಡಿದು ದಟ್ಟ ಬಿಳಿ ಹೊಗೆ ಉಗುಳುತ್ತದೆ. ಸೀಲಿನ ಬೆಲೆ ಅಲ್ಪ. ಆದರೆ ಸರಿಯಾಗಿ ಹಾಕಲು ಎಷ್ಟೋ ಸಲ ಎಂಜಿನ್ನನ್ನೇ ಇಳಿಸಬೇಕಾಗುತ್ತದೆ. ‘ಎರಡು ಕಿಕ್ಕಿಗೆ ಸ್ಟಾರ್ಟ್ ಆಗುತ್ತೆ ಸಾರ್’ ಎಂದು ಮಾರುವವರು ಹೇಳುವ ಗಾಡಿಯನ್ನು ಹದಿನೈದು ನಿಮಿಷ ಓಡಿಸಿ, ಬಿಸಿಯಾದ ಮೇಲೆ ನಿಲ್ಲಿಸಿ ಮತ್ತೆ ಕಿಕ್ ಹೊಡೆದು ನೋಡಬೇಕು ಎನ್ನುವುದು ಇದಕ್ಕೇ.

ಈಚೆಗೆ ಸೇರಿಕೊಂಡ ತೊಂದರೆ ಪೆಟ್ರೋಲಿನದೇ. ಬಂಕ್‌ಗಳಲ್ಲಿ ಈಗ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇರುತ್ತದೆ. ಹಳೆಯ ಗಾಡಿಗಳ ರಬ್ಬರ್ ಪೈಪ್, ಕಾರ್ಕ್ ವಾಷರ್‌ಗಳು ಅದನ್ನು ತಡೆಯುವಂತೆ ಮಾಡಿದವಲ್ಲ, ಅವು ಉಬ್ಬಿ ಮೆತ್ತಗಾಗುತ್ತವೆ. ಎಥೆನಾಲ್ ಉರಿಯಲು ಗಾಳಿ ಕಡಿಮೆ ಸಾಕು. ಹಾಗಾಗಿ ಕಾರ್ಬುರೇಟರಿನ ಹಳೆಯ ಜೆಟ್ಟಿನಲ್ಲೇ ಓಡಿಸಿದರೆ ಮಿಶ್ರಣ ತೆಳುವಾಗಿ ಎಂಜಿನ್ ಹೆಚ್ಚು ಕಾಯುತ್ತದೆ. ಇದಕ್ಕಿಂತ ಅಪಾಯದ್ದು ನೀರು. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ, ನೀರು ಮಿತಿ ಮೀರಿದಾಗ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಬೆರೆಸಿದ ಆಯಿಲ್ ಉಳಿಯುವುದು ಮೇಲಿನ ಪೆಟ್ರೋಲಿನಲ್ಲಿ. ಟ್ಯಾಪ್ ಎಳೆಯುವುದು ತಳದಿಂದ. ಅಂದರೆ ಎಂಜಿನ್ನಿಗೆ ಆಯಿಲ್ಲೇ ಇಲ್ಲದ ದ್ರವ ಹೋಗುತ್ತದೆ. ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲಿನೊಂದಿಗೆ ನಿಲ್ಲಿಸಿದ ಮಲೆನಾಡಿನ ಗಾಡಿಗೆ ಈ ಅಪಾಯ ಹೆಚ್ಚು.

ಕಾರ್ಖಾನೆ ಮುಚ್ಚಿದರೂ ಬಿಡಿಭಾಗಗಳಿಗೆ ಜಾವಾದವರು ಪರದಾಡುವುದು ಕಡಿಮೆ. ಲಕ್ಷಗಟ್ಟಲೆ ಗಾಡಿಗಳು ತಯಾರಾಗಿದ್ದರಿಂದ ಗುಜರಿಯಲ್ಲೂ ಸಿಗುತ್ತವೆ, ಹೊಸದಾಗಿ ಮಾಡುವವರೂ ಇದ್ದಾರೆ. ಜೆಕ್ ದೇಶದಲ್ಲಿ ಇದೇ ಮಾದರಿಯ ಹಳೆಯ ಗಾಡಿಗಳಿಗೆ ಈಗಲೂ ಬಿಡಿಭಾಗ ತಯಾರಾಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿಗಳನ್ನು ತಾಳ್ಮೆಯಿಂದ ಜಾಲಾಡಿದವರು ಬರಿಗೈಯಲ್ಲಿ ಬರುವುದು ಅಪರೂಪ. ಕೊರತೆ ಇರುವುದು ಗುಣಮಟ್ಟದಲ್ಲಿ. ನಕಲಿ ಪಿಸ್ಟನ್, ಬೇಗ ಸವೆಯುವ ಪಾಯಿಂಟ್ಸ್, ಒಂದು ಮಳೆಗೆ ತುಕ್ಕು ಹಿಡಿಯುವ ಕ್ರೋಮ್ ಸೈಲೆನ್ಸರ್ ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಅದಕ್ಕಿಂತ ದೊಡ್ಡ ಕೊರತೆ ಮೆಕ್ಯಾನಿಕ್‌ಗಳದು. ಸದ್ದು ಕೇಳಿಯೇ ಟೈಮಿಂಗ್ ತಪ್ಪಿದೆ ಎನ್ನಬಲ್ಲ ಮೇಸ್ತ್ರಿಗಳಿಗೆ ವಯಸ್ಸಾಗಿದೆ, ಅವರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಹಳೆಯ ಬೈಕ್ ಕೊಳ್ಳುವವರು ಗಾಡಿಗಿಂತ ಮೊದಲು ಮೆಕ್ಯಾನಿಕ್ ಹುಡುಕಿಕೊಳ್ಳುವುದು ಕ್ಷೇಮ.

ಪೂರ್ತಿ ಬಿಚ್ಚಿ ಜೋಡಿಸುವ ಕೆಲಸಕ್ಕೆ ಕೈಹಾಕಿದರೆ ಖರ್ಚಿನ ಅಂದಾಜು ತಪ್ಪುವುದೇ ಹೆಚ್ಚು. ಸಿಲಿಂಡರ್ ಬೋರ್ ಮಾಡಿಸುವುದು, ಕ್ರ್ಯಾಂಕ್ ರಿಪೇರಿ, ಟಿಂಕರಿಂಗ್, ಪೇಂಟ್, ಟ್ಯಾಂಕಿನ ಮೇಲೆ ಕೈಯಲ್ಲಿ ಎಳೆಯುವ ಚಿನ್ನದ ಗೆರೆ, ಕ್ರೋಮ್, ಸೀಟು ಎಂದು ಒಂದೊಂದಕ್ಕೂ ಬೇರೆ ಬೇರೆ ಅಂಗಡಿ. ಗಾಡಿಗೆ ಕೊಟ್ಟದ್ದಕ್ಕಿಂತ ರಿಪೇರಿಗೆ ಹೋದದ್ದು ಹೆಚ್ಚಾಗುವುದು ಮಾಮೂಲು. ಹಾಗೆಂದು ಹಣ ಹಾಳಾಯಿತು ಎನ್ನಲಾಗದು. ಹೊಸ ಬೈಕ್ ಶೋರೂಮ್ ದಾಟಿದ ದಿನದಿಂದ ಬೆಲೆ ಇಳಿಸಿಕೊಳ್ಳುತ್ತದೆ, ಒಳ್ಳೆಯ ಸ್ಥಿತಿಯ ಹಳೆಯ ಜಾವಾಗೆ ಬೆಲೆ ಏರುತ್ತಿದೆ. ಆದರೂ ಕೊಳ್ಳುವವನು ಸಿಕ್ಕಾಗ ಮಾತ್ರ ಅದು ಹಣ. ಹೂಡಿಕೆ ಎಂದುಕೊಂಡು ಕೊಳ್ಳುವವರಿಗೆ ಬ್ಯಾಂಕಿನ ಠೇವಣಿಯೇ ಲೇಸು.

ಎಂಜಿನ್ ಕೆಟ್ಟರೆ ಸರಿಮಾಡಬಹುದು, ಕಾಗದ ಕೆಟ್ಟರೆ ಕಷ್ಟ. ಎಂಜಿನ್ ಮತ್ತು ಚಾಸಿ ನಂಬರ್ ಎರಡೂ ಆರ್‌ಸಿಯಲ್ಲಿ ಇರುವಂತೆಯೇ ಇರಬೇಕು. ಮೂರು ಗಾಡಿ ಸೇರಿಸಿ ಒಂದು ಮಾಡಿದವು, ನಂಬರ್ ತಿದ್ದಿದವು ಮಾರುಕಟ್ಟೆಯಲ್ಲಿವೆ. 1989ರಲ್ಲಿ ಕೆಎ ನಂಬರ್ ಬರುವ ಮುಂಚಿನ ಗಾಡಿಗಳ ಕೈಬರಹದ ಆರ್‌ಸಿ ಪುಸ್ತಕದ ವಿವರ ಆರ್‌ಟಿಒ ಕಂಪ್ಯೂಟರಿಗೆ ಏರಿರದಿದ್ದರೆ ಹೆಸರು ವರ್ಗಾವಣೆಗೆ ಓಡಾಟ ತಪ್ಪಿದ್ದಲ್ಲ. ನೋಂದಣಿಗೆ 15 ವರ್ಷ ತುಂಬಿದ ಮೇಲೆ ಐದು ವರ್ಷಕ್ಕೊಮ್ಮೆ ಗಾಡಿ ತೋರಿಸಿ ನವೀಕರಿಸಬೇಕು. ಬೈಕುಗಳ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 300 ರೂಪಾಯಿಯಿಂದ 1,000ಕ್ಕೆ ಏರಿತು. 2025ರಲ್ಲಿ, 20 ವರ್ಷ ದಾಟಿದ ಬೈಕುಗಳಿಗೆ ಅದು 2,000 ಆಯಿತು.

ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗೆ ಇನ್ನೊಂದು ದಾರಿಯಿದೆ. 2021ರ ಕೇಂದ್ರ ನಿಯಮದಂತೆ ಅದನ್ನು ವಿಂಟೇಜ್ ಎಂದು ನೋಂದಾಯಿಸಿ ‘ವಿಎ’ ಅಕ್ಷರಗಳುಳ್ಳ ನಂಬರ್ ಪಡೆಯಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಹತ್ತು ವರ್ಷದ ನಂತರದ ಮರುನೋಂದಣಿಗೆ 5,000. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥವಕ್ಕೆ ಮಾತ್ರ ಹೊರತೆಗೆಯಬೇಕು. ಓಡಿಸುವ ಆಸೆಯಿಂದ ಕೊಂಡವರಿಗೆ ಮಾಮೂಲಿ ನೋಂದಣಿಯೇ ಅನುಕೂಲ. ದೆಹಲಿ ಸುತ್ತಮುತ್ತ 15 ವರ್ಷ ಮೀರಿದ ಪೆಟ್ರೋಲ್ ಗಾಡಿಗಳಿಗಿರುವ ನಿರ್ಬಂಧದಂಥದ್ದು ಕರ್ನಾಟಕದಲ್ಲಿಲ್ಲ ಎಂಬುದು ಇಲ್ಲಿನವರ ಅದೃಷ್ಟ. ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಕಳವು, ಹಾನಿಗೂ ವಿಮೆ ಬೇಕೆಂದರೆ ಗಾಡಿಯ ಬೆಲೆ ಎಷ್ಟೆಂದು ಕಂಪನಿಯೊಡನೆ ಮಾತಾಡಿ ಒಪ್ಪಿಸಬೇಕು, ರಿಪೇರಿಗೆ ಸುರಿದ ದುಡ್ಡನ್ನು ಅವರು ಲೆಕ್ಕಕ್ಕೆ ಹಿಡಿಯುವುದು ಕಡಿಮೆ.

ರಸ್ತೆಯ ಮೇಲೆ ಹಳೆಯ ಬೈಕಿನ ಮಿತಿ ಸ್ಪಷ್ಟವಾಗಿ ಕಾಣುತ್ತದೆ. ಎರಡೂ ಚಕ್ರಕ್ಕೆ ಡ್ರಮ್ ಬ್ರೇಕ್, ಒದ್ದೆಯಾದರೆ ಹಿಡಿತ ಕಡಿಮೆ. 2019ರಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಗಿರುವುದರಿಂದ ಮುಂದಿನ ಬೈಕ್ ಗಕ್ಕನೆ ನಿಲ್ಲುತ್ತದೆ, ಜಾವಾ ಅಷ್ಟು ಬೇಗ ನಿಲ್ಲದು. ಆರು ವೋಲ್ಟಿನ ಹೆಡ್‌ಲೈಟ್ ರಾತ್ರಿ ಹೆದ್ದಾರಿಗೆ ಸಾಲದು. ಹಲವರು 12 ವೋಲ್ಟಿಗೆ ಬದಲಿಸಿಕೊಳ್ಳುತ್ತಾರೆ, ಮೂಲರೂಪವೇ ಮುಖ್ಯ ಎನ್ನುವವರು ಅದಕ್ಕೆ ಮೂಗು ಮುರಿಯುತ್ತಾರೆ. ಜೀವ ದೊಡ್ಡದು ಎಂದುಕೊಂಡವರು ಬದಲಿಸುವುದೇ ಸರಿ. ಹೊಗೆಯ ವಿಷಯದಲ್ಲಿ ಸಮರ್ಥನೆಗೆ ಜಾಗವಿಲ್ಲ. ಟೂ ಸ್ಟ್ರೋಕ್ ಎಂಜಿನ್ ಮಿಶ್ರಣದ ಒಂದು ಪಾಲನ್ನು ಉರಿಸದೆಯೇ ಹೊರಬಿಡುತ್ತದೆ, ಜೊತೆಗೆ ಆಯಿಲೂ ಸುಡುತ್ತದೆ. ತೊಂಬತ್ತರ ದಶಕದಲ್ಲಿ ಬಿಗಿಯಾದ ಹೊಗೆ ನಿಯಮಗಳು, ಜಪಾನಿ ತಂತ್ರಜ್ಞಾನದ ನೂರು ಸಿಸಿ ಫೋರ್ ಸ್ಟ್ರೋಕ್ ಬೈಕುಗಳ ಮೈಲೇಜು ಎರಡೂ ಸೇರಿಯೇ ಮೈಸೂರಿನ ಕಾರ್ಖಾನೆಗೆ ಹೊಡೆತ ಕೊಟ್ಟವು. ವಾರಕ್ಕೊಮ್ಮೆ ಓಡುವ ಗಾಡಿಯ ಹೊಗೆ ಊರಿಗೆ ದೊಡ್ಡ ಹೊರೆಯಲ್ಲ. ದಿನವೂ ಆಫೀಸಿಗೆ ಹೋಗಲು ಅದನ್ನೇ ನೆಚ್ಚಿಕೊಳ್ಳುವುದು ಗಾಳಿಗೂ ಒಳ್ಳೆಯದಲ್ಲ, ಸವಾರನಿಗೂ ಒಳ್ಳೆಯದಲ್ಲ.

ಹೀಗಾಗಿ ಇದು ಮನೆಯ ಎರಡನೇ ಗಾಡಿಯಾಗಿ ಇದ್ದರೇ ಚೆಂದ. ಒಂಟಿಯಾಗಿ ಸಾಕುವ ಅಗತ್ಯವೂ ಇಲ್ಲ. ಬೆಂಗಳೂರು, ಮೈಸೂರುಗಳ ಜಾವಾ–ಯೆಜ್ಡಿ ಕೂಟಗಳಲ್ಲಿ ಬಿಡಿಭಾಗದ ಸುಳಿವು, ಮೆಕ್ಯಾನಿಕ್ಕಿನ ವಿಳಾಸ, ಬಿಗಿಯಾಗಿ ಕೂತ ಭಾಗ ಎಳೆದು ತೆಗೆಯಲು ಎರವಲು ಪುಲ್ಲರ್ ಎಲ್ಲವೂ ಸಿಗುತ್ತವೆ. ಪ್ರತಿ ವರ್ಷ ಜುಲೈ ಎರಡನೇ ಭಾನುವಾರ ಜಾವಾ ದಿನಕ್ಕೆ ಕೂಟದವರು ಒಟ್ಟು ಸೇರುವುದುಂಟು. ವಾರಕ್ಕೊಮ್ಮೆ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಿದರೆ ಸೀಲ್‌ಗಳು ಒಣಗುವುದಿಲ್ಲ, ಬ್ಯಾಟರಿಯೂ ಇಳಿಯುವುದಿಲ್ಲ. ತಿಂಗಳುಗಟ್ಟಲೆ ನಿಲ್ಲಿಸಬೇಕಾದರೆ ಟ್ಯಾಪ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಕಾರ್ಬುರೇಟರ್ ಬರಿದು ಮಾಡಬೇಕು. ಟ್ಯಾಂಕ್ ಬಸಿದು ಒಳಗೆ ಸ್ವಲ್ಪ ಆಯಿಲ್ ಆಡಿಸಿ, ಬ್ಯಾಟರಿ ಕಳಚಿಡಬೇಕು. ಮತ್ತೆ ಹೊರತೆಗೆಯುವಾಗ ಹೊಸ ಪೆಟ್ರೋಲಿಗೆ ಹೊಸದಾಗಿ ಆಯಿಲ್ ಬೆರೆಸಿ, ಕಿಕ್ ಹೊಡೆಯುವ ಮುನ್ನ ಬ್ರೇಕ್ ಕೇಬಲ್ ಮತ್ತು ಟೈರಿನ ಬಿರುಕುಗಳನ್ನು ನೋಡಿಕೊಳ್ಳಬೇಕು.