ಪಂಪಿನ ಮೋಟರುಗಳ ಕೇಬಲ್ ಹಾಗೂ ಅದರ ಕಾಳಜಿ

ಕಪಿಲೆಯಿಂದ ನೀರೆತ್ತುತ್ತಿದ್ದ ಕಾಲದಲ್ಲಿ ತೋಟದ ಧನಿಯು ಎತ್ತು ಹೂಡುವ ಮುನ್ನ ಮಿಣಿಯನ್ನು ತುದಿಯಿಂದ ತುದಿಗೆ ಕೈಯಾಡಿಸಿ ನೋಡುವ ರೂಢಿಯಿತ್ತು. ಎಲ್ಲಿಯಾದರೂ ಎಳೆ ಬಿಚ್ಚಿದ್ದು ಕಂಡರೆ ಅಂದಿನ ಕಪಿಲೆ ನಿಲ್ಲುತ್ತಿತ್ತು. ಮಿಣಿ ಹರಿದರೆ ಬಾನಿಯು ಬಾವಿಗೆ ಬೀಳುವದಲ್ಲದೆ, ಇಳಿಜಾರಿನಲ್ಲಿ ಮೈಭಾರ ಬಿಟ್ಟು ಎಳೆಯುವ ಎತ್ತುಗಳು ಮುಗ್ಗರಿಸಿ ಕಾಲು ಮುರಿದುಕೊಳ್ಳುವವೆಂಬದು ಎಲ್ಲರಿಗೂ ಗೊತ್ತಿತ್ತು. ಈಗ ಕಪಿಲೆಯ ಸ್ಥಾನಕ್ಕೆ ಮೋಟರು ಬಂದಿದೆ, ಮಿಣಿಯ ಸ್ಥಾನಕ್ಕೆ ಕೇಬಲ್ ಬಂದಿದೆ. ಆದರೆ ಕೈಯಾಡಿಸಿ ನೋಡುವ ರೂಢಿ ಮಾತ್ರ ಮಿಣಿಯ ಸಂಗಡವೇ ಹೊರಟುಹೋಗಿದೆ. ಕೇಬಲ್ಲಿನ ಮೇಲೆ ಕೈಯಾಡಿಸುವದು ಮೇನ್ ಸ್ವಿಚ್ಚು ತೆಗೆದ ಮೇಲೆಯೇ ಎಂಬ ಮಾತನ್ನು ಇಲ್ಲಿಯೇ ಹೇಳಿಬಿಡುವದು ಮೇಲು.

೧೯೦೨ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು ೯೨ ಮೈಲು ದಾಟಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಅಷ್ಟು ದೂರದ ಪ್ರಯಾಣದಲ್ಲಿ ಅದು ಮನುಷ್ಯನ ಕೈಗೆಟುಕದಷ್ಟು ಎತ್ತರದಲ್ಲಿಯೇ ಇರುವದು. ನಮ್ಮಲ್ಲಿಯೂ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯ ಕಂಬದವರೆಗೆ ಹಾಗೆಯೇ. ಕಂಬ ಇಳಿದು ಹೊಲಕ್ಕೆ ಬಂದ ಮೇಲೆ, ಸ್ಟಾರ್ಟರಿನಿಂದ ಮೋಟರಿಗೆ ಹೋಗುವ ಕೊನೆಯ ನೂರಿನ್ನೂರು ಮೀಟರುಗಳಲ್ಲಿ ಮಾತ್ರ ಅದು ಆಳಿನ ಪಾದ, ಎತ್ತಿನ ಗೊರಸು, ಇಲಿಯ ಹಲ್ಲು ಇವುಗಳ ನಡುವೆ ಹಾಯುವದು. ಆ ಭಾಗವು ಕಂಪನಿಯದಲ್ಲ, ಹೊಲದ ಧನಿಯದು.

ಧಾರವಾಡ ಜಿಲ್ಲೆಯ ಪೂರ್ವ ಭಾಗದಲ್ಲಿ, ಎಂದರೆ ಹುಬ್ಬಳ್ಳಿ, ಕುಂದಗೋಳ, ನವಲಗುಂದ ತಾಲೂಕುಗಳ ಎರೆ ಭೂಮಿಯಲ್ಲಿ, ಈ ಕೊನೆಯ ಭಾಗವು ವಿಶೇಷವಾಗಿ ಅಪಾಯದ್ದು. ಬೆಣ್ಣೆಹಳ್ಳದಲ್ಲಿ ನೀರಿರುವಷ್ಟು ದಿನ ದಂಡೆಗೆ ಪಂಪು ಇಳಿಸುವದು, ಹಳ್ಳ ಏರಿದರೆ ಅವಸರದಿಂದ ಎತ್ತುವದು, ನೀರು ತಗ್ಗಿದರೆ ಮತ್ತಷ್ಟು ಕೆಳಗೆ ಸರಿಸುವದು, ಹೀಗೆ ಮೋಟರು ಒಂದು ಕಡೆಗೆ ನಿಲ್ಲುವದೇ ಇಲ್ಲ. ಪಶ್ಚಿಮದ ಕಲಘಟಗಿ, ಧಾರವಾಡ ತಾಲೂಕುಗಳ ಕೊಳವೆಬಾವಿಗಳಲ್ಲಿ ಮೋಟರು ನೀರಿನೊಳಗೆ ಸ್ಥಿರವಾಗಿರುವದರಿಂದ ಅಲ್ಲಿಯ ತೊಂದರೆ ಬೇರೆ ಬಗೆಯದು. ಮೇವು ಕತ್ತರಿಸುವ ಯಂತ್ರ, ಕಣದಲ್ಲಿ ರಾಶಿ ಮಾಡುವ ಯಂತ್ರ ಇವೂ ಕೇಬಲ್ಲನ್ನು ಎಳೆದಾಡುವಂಥವೇ.

ಕೆಲ ವರ್ಷಗಳ ಹಿಂದಿನ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆನು. ನನ್ನ ತಿರುಗಾಟದ ಹಳ್ಳಿಯೊಂದರಲ್ಲಿ, ಹಳ್ಳದ ದಂಡೆಯ ಉಳ್ಳಾಗಡ್ಡಿಯ ಹೊಲಕ್ಕೆ ಬೀಜದ ವಿಷಯವಾಗಿ ಹೋಗಿದ್ದೆನು. ಬದುವಿನ ಗುಂಟ ಹುಲ್ಲಿನಲ್ಲಿ ಕೇಬಲ್ ಬಿದ್ದಿತ್ತು. ಅದಕ್ಕೆ ಎರಡು ಕಡೆಗೆ ಜೋಡು. ಒಂದರ ಮೇಲೆ ಟೇಪು ಸುತ್ತಿತ್ತು, ಇನ್ನೊಂದಕ್ಕೆ ಗೊಬ್ಬರದ ಚೀಲದ ಹಾಳೆ ಸುತ್ತಿ ನೂಲಿನಿಂದ ಬಿಗಿದಿತ್ತು. ನಾನು ಅದನ್ನು ನೋಡಿದೆನು, ದಾಟಿದೆನು. ಮಾತು ಬೀಜೋಪಚಾರದಲ್ಲಿ ಆರಂಭವಾಗಿ ಬೀಜೋಪಚಾರದಲ್ಲಿಯೇ ಮುಗಿಯಿತು. ಕೇಬಲ್ಲು ನಮ್ಮ ಖಾತೆಯದಲ್ಲವೆಂಬ ಭಾವನೆ ಅಂದು ನನ್ನಲ್ಲಿತ್ತು. ಮುಂದೆ ಒಂದು ವಾರದೊಳಗೆ ರಾತ್ರಿ ಮಳೆಯಾಗಿ, ಬೆಳಗ್ಗೆ ಆಳು ಎತ್ತುಗಳನ್ನು ಹೊಡೆದುಕೊಂಡು ಆ ಬದುವನ್ನು ದಾಟುವಾಗ ಮುಂದಿನ ಎತ್ತು ಕೆಸರಿನಲ್ಲಿ ಕಾಲಿಟ್ಟ ಕ್ಷಣಕ್ಕೆ ನಡುಗಿ ಬಿತ್ತು, ಏಳಲೇ ಇಲ್ಲ. ಹಗ್ಗ ಅವನ ಕೈಯಲ್ಲಿತ್ತು. ಕೈ ಜುಮ್ಮೆಂದೊಡನೆ ಹಗ್ಗ ಬಿಟ್ಟು ಹಿಂದೆ ಸರಿದದ್ದರಿಂದ ಅವನು ಉಳಿದನು. ಮೋಟರು ಆಗಲೂ ನೀರೆತ್ತುತ್ತಲೇ ಇತ್ತು.

ಈ ಕೊನೆಯ ಮಾತಿನ ಕಡೆಗೆ ಓದುಗರು ಲಕ್ಷ್ಯ ಕೊಡಬೇಕು. ಎತ್ತು ಸತ್ತಿತು, ಆದರೆ ಫ್ಯೂಜು ಹೋಗಲಿಲ್ಲ. ಅದೇಕೆಂದು ಆ ಧನಿಯು ನನ್ನನ್ನು ಕೇಳಿದನು. ಉತ್ತರ ಹೀಗಿದೆ. ಒಂದು ಫೇಸಿಗೂ ಭೂಮಿಗೂ ನಡುವೆ ಸುಮಾರು ೨೪೦ ವೋಲ್ಟಿನ ಒತ್ತಡವಿರುವದು. ಜೋಡಿನಿಂದ ಸೋರಿದ ವಿದ್ಯುತ್ತಿಗೆ ಮಣ್ಣಿನ ದಾರಿಯಲ್ಲಿ ೨೦ ಓಮ್ ಅಡ್ಡಿಯಿದ್ದರೆ ಹರಿಯುವದು ೧೨ ಅಂಪಿಯರು ಮಾತ್ರ. ೧೬ ಅಥವಾ ೨೦ ಅಂಪಿಯರಿನ ಫ್ಯೂಜು ಇದಕ್ಕೆ ಕರಗುವದಿಲ್ಲ. ದಪ್ಪ ತಂತಿ ಸುತ್ತಿದ ಫ್ಯೂಜಂತೂ ಕರಗುವ ಮಾತೇ ಇಲ್ಲ. ಮನುಷ್ಯನ ಎದೆಯ ಮೂಲಕ ಒಂದು ಅಂಪಿಯರಿನ ಹತ್ತರಲ್ಲೊಂದು ಭಾಗ ಹಾಯ್ದರೂ ಪ್ರಾಣಕ್ಕೆ ಅಪಾಯ. ಆದ್ದರಿಂದ ಫ್ಯೂಜು ಕಾಯುವದು ತಂತಿ ಮೋಟರುಗಳನ್ನೇ ಹೊರತು ಜೀವಗಳನ್ನಲ್ಲ. ದನಗಳಿಗಂತೂ ಅಪಾಯ ಹೆಚ್ಚು. ಅವುಗಳ ಮುಂಗಾಲು ಹಿಂಗಾಲುಗಳ ನಡುವೆ ಅಂತರ ದೊಡ್ಡದಿದ್ದು, ವಿದ್ಯುತ್ತು ಒಂದರಿಂದ ಇನ್ನೊಂದಕ್ಕೆ ಹೃದಯವನ್ನು ಹಾಯ್ದೇ ಹೋಗುವದು.

ಜೀವ ಕಾಯುವವು ಎರಡು. ಮೊದಲನೆಯದು ಸೋರಿಕೆಯನ್ನು ಅರಿತು ತಾನಾಗಿ ಬೀಳುವ ಸ್ವಿಚ್ಚು. ಅಂಗಡಿಗಳಲ್ಲಿ ಇದನ್ನು ಆರ್.ಸಿ.ಸಿ.ಬಿ. ಎಂದು ಕೇಳಬೇಕು. ೩೦ ಮಿಲಿ ಅಂಪಿಯರಿನದು ಮನುಷ್ಯರ ರಕ್ಷಣೆಗೆ ತಕ್ಕದ್ದು. ಅದರ ಮೇಲಿನ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಸ್ವಿಚ್ಚು ಬೀಳುವದೋ ಇಲ್ಲವೋ ನೋಡಬೇಕು. “ಪದೇ ಪದೇ ಬೀಳುತ್ತದೆ, ಆದ್ದರಿಂದ ತೆಗೆದುಹಾಕಿದೆವು” ಎಂದು ಹೇಳುವ ಧನಿಗಳನ್ನು ಕಂಡಿದ್ದೇನೆ. ಅದು ಸುಮ್ಮನೆ ಬೀಳುವದಿಲ್ಲ. ನಾಯಿ ಬೊಗಳುವದೆಂದು ನಾಯಿಯನ್ನು ಅಟ್ಟಿ ಕಳ್ಳನನ್ನು ಒಳಗೆ ಬಿಟ್ಟುಕೊಂಡಂತೆ ಇದು. ಕೇಬಲ್ಲನ್ನೂ ಮೋಟರಿನ ಸುತ್ತುಗಳನ್ನೂ ಪರೀಕ್ಷಿಸಬೇಕಾದ ಹೊತ್ತು ಬಂದಿದೆಯೆಂದೇ ತಿಳಿಯಬೇಕು.

ಎರಡನೆಯದು ಅರ್ಥಿಂಗು. ಮೋಟರಿನ ಮೈ, ಸ್ಟಾರ್ಟರಿನ ಪೆಟ್ಟಿಗೆ ಇವೆರಡಕ್ಕೂ ಹಸಿರು ಬಣ್ಣದ ಅರ್ಥ್ ತಂತಿ ಕಟ್ಟಿ, ಅದನ್ನು ನೆಲದಲ್ಲಿ ಹೂಳಿದ ಕೊಳವೆಗೆ ಜೋಡಿಸಬೇಕು. ಸತುವು ಲೇಪಿಸಿದ ೪೦ ಮಿಲಿಮೀಟರು ವ್ಯಾಸದ, ಎರಡೂವರೆ ಮೀಟರು ಉದ್ದದ ಕಬ್ಬಿಣದ ಕೊಳವೆ ಸಾಕು. ಸುತ್ತಲೂ ಇದ್ದಲಿ ಉಪ್ಪುಗಳನ್ನು ಪದರ ಪದರವಾಗಿ ತುಂಬುವ ಪದ್ಧತಿಯಿದೆ. ಇಲ್ಲಿ ನಮ್ಮ ಎರೆಯ ಗುಣವನ್ನು ಮರೆಯಬಾರದು. ಹಸಿಯಿರುವಾಗ ಎರೆ ಮಣ್ಣು ವಿದ್ಯುತ್ತಿಗೆ ಬಲು ಒಳ್ಳೆಯ ದಾರಿ, ಮಸಾರಿ ಗರಸುಗಳಿಗಿಂತ ಮೇಲು. ಆದರೆ ಬೇಸಿಗೆಯಲ್ಲಿ ಭೂಮಿ ಬಿರಿದಾಗ ಮಣ್ಣು ಕೊಳವೆಯನ್ನು ಬಿಟ್ಟು ಹಿಂದೆ ಸರಿಯುವದು. ಆಗ ಕೊಳವೆ ಬಿರುಕಿನಲ್ಲಿ ನಿಂತ ಗೂಟವಷ್ಟೇ. ಮಳೆಗಾಲದಲ್ಲಿ ಪರೀಕ್ಷಿಸಿ ಸರಿಯೆಂದ ಅರ್ಥಿಂಗು ಏಪ್ರಿಲಿನಲ್ಲಿ ಸರಿಯಿರುವದೆಂಬ ಭರವಸೆಯಿಲ್ಲ. ಬೇಸಿಗೆಯಲ್ಲಿ ಕೊಳವೆಗೆ ವಾರಕ್ಕೆರಡು ಕೊಡ ನೀರು ಹಾಕಿಸುವದು ಒಬ್ಬ ಹುಡುಗನ ಕೆಲಸ. ಕೊಳವೆಯನ್ನು ತೇವವಿರುವ ಸ್ಥಳದಲ್ಲಿ ಹೂಳಬೇಕಾದರೂ ದನ ನೀರು ಕುಡಿಯುವ ತೊಟ್ಟಿಯ ಹತ್ತಿರ ಮಾತ್ರ ಹೂಳಬಾರದು.

ಇನ್ನು ಕೇಬಲ್ಲನ್ನು ಆರಿಸುವ ವಿಷಯ. ಸರಿಸಾಡುವ ಮೋಟರಿಗೆ ನೂರಾರು ಸಣ್ಣ ಎಳೆಗಳ ತಾಮ್ರದ ಮೆದು ಕೇಬಲ್ಲೇ ಬೇಕು. ಒಂದೇ ದಪ್ಪ ತಂತಿಯದು ನಾಲ್ಕು ಸಲ ಬಾಗಿದರೆ ಒಳಗೇ ಮುರಿಯುವದು, ಹೊರಗೆ ಕಾಣಿಸುವದಿಲ್ಲ. ಐ.ಎಸ್.ಐ. ಗುರುತನ್ನೂ ಅದರ ಕೆಳಗಿನ ಅಂಕಿಯನ್ನೂ ನೋಡಿ ಕೊಳ್ಳತಕ್ಕದ್ದು, ಪಿ.ವಿ.ಸಿ. ಹೊದಿಕೆಯದಕ್ಕೆ ಐ.ಎಸ್. ೬೯೪, ರಬ್ಬರಿನ ಹೊದಿಕೆಯದಕ್ಕೆ ಐ.ಎಸ್. ೯೯೬೮. ದಿನಾಲು ಎಳೆದಾಡುವ ಕೆಲಸಕ್ಕೆ ರಬ್ಬರಿನದು ಹೆಚ್ಚು ಬಾಳುವದು; ಪಿ.ವಿ.ಸಿ. ನಮ್ಮ ಬಿಸಿಲಿಗೆ ಬರಬರುತ್ತ ಬಿರುಸಾಗಿ ಸೀಳುವದು. ಮೂರು ಫೇಸಿನ ಮೋಟರಿಗೆ ಮೂರು ಎಳೆಯದನ್ನು ಕೊಂಡು ಅರ್ಥ್ ತಂತಿಯ ಹಣ ಉಳಿಸುವದು ಎಲ್ಲೆಡೆಗೂ ಕಾಣುವ ತಪ್ಪು. ನಾಲ್ಕನೆಯ ಎಳೆಯಿರುವ ಕೇಬಲ್ಲನ್ನೇ ಕೇಳಿ ಪಡೆಯಬೇಕು.

ದಪ್ಪದ ಲೆಕ್ಕವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ೫ ಅಶ್ವಶಕ್ತಿಯ ಮೋಟರು ಪೂರ್ಣ ಭಾರದಲ್ಲಿ ಸುಮಾರು ೮ ಅಂಪಿಯರು ಎಳೆಯುವದು. ಅಷ್ಟಕ್ಕೆ ಎರಡೂವರೆ ಚದರ ಮಿಲಿಮೀಟರಿನ ಕೇಬಲ್ ಬಿಸಿಯಾಗದು; ಅಂಗಡಿಕಾರನು ಅದನ್ನೇ ಕೊಡುವನು, ಅವನ ಮಾತು ಸುಳ್ಳೂ ಅಲ್ಲ. ಆದರೆ ಅಂಗಡಿಕಾರನು ದೂರವನ್ನು ಕೇಳುವದಿಲ್ಲ. ಸ್ಟಾರ್ಟರಿನಿಂದ ಹಳ್ಳಕ್ಕೆ ೨೦೦ ಮೀಟರು ಇದ್ದರೆ ಈ ಕೇಬಲ್ಲಿನಲ್ಲಿಯೇ ಸುಮಾರು ೨೦ ವೋಲ್ಟು ಕರಗಿಹೋಗುವವು. ೪ ಚದರ ಮಿಲಿಮೀಟರಿನದಾದರೆ ೧೨, ೬ರದಾದರೆ ೮. ಕಂಬದಲ್ಲಿ ೪೧೫ ವೋಲ್ಟು ಪೂರ್ತಿ ಬರುತ್ತಿದ್ದರೆ ಇದು ದೊಡ್ಡ ಮಾತಲ್ಲ. ಸಾಲಿನ ಕೊನೆಯ ಹೊಲಗಳಿಗೆ ಎಷ್ಟು ಬರುವದೆಂಬದನ್ನು ಓದುಗರೇ ಬಲ್ಲರು. ವೋಲ್ಟು ಹತ್ತನೆಯ ಒಂದಂಶ ಕಡಿಮೆಯಾದರೆ ಮೋಟರು ತಿರುಗುವ ಬಲ ಐದನೆಯ ಒಂದಂಶದಷ್ಟು ಕುಗ್ಗುವದು. ಅದೇ ಭಾರವನ್ನು ಎಳೆಯಲು ಅದು ಹೆಚ್ಚು ಅಂಪಿಯರು ತೆಗೆದುಕೊಂಡು ಕಾಯುವದು, ಕೊನೆಗೆ ಸುಡುವದು. ಆರಂಭದಲ್ಲಿಯಂತೂ ಮೋಟರು ಆರೇಳು ಪಟ್ಟು ಅಂಪಿಯರು ಬೇಡುವದು. ಮೋಟರು ಸುತ್ತಿಸಿದ ಖರ್ಚನ್ನು ಎರಡು ಸಲ ಕೊಟ್ಟವರು ದಪ್ಪ ಕೇಬಲ್ಲಿನ ಬೆಲೆಯನ್ನು ಆಗಲೇ ತೆತ್ತಿರುತ್ತಾರೆ; ಕೇಬಲ್ ಮಾತ್ರ ಅವರ ಹತ್ತಿರ ಇರುವದಿಲ್ಲ.

ಹಾಸುವ ರೀತಿ. ಮೆದು ಕೇಬಲ್ಲನ್ನು ಎರೆಯಲ್ಲಿ ಹೂಳಬಾರದು. ಹಸಿಯಲ್ಲಿ ಉಬ್ಬಿ, ಒಣಗಿ ಬಿರಿಯುವ ಮಣ್ಣು ಅದನ್ನು ಎಳೆದು ಹರಿಯುವದು. ಬಿರುಕಿನಲ್ಲಿ ಇಲಿಗಳು ವಾಸ ಮಾಡುವವು. ಹೂಳಲೇಬೇಕಾದ ಕಾಯಂ ದಾರಿಗೆ ಉಕ್ಕಿನ ಕವಚವಿರುವ ಕೇಬಲ್ ಬೇಕು. ಅದನ್ನು ಮುಕ್ಕಾಲು ಮೀಟರು ಆಳದಲ್ಲಿ, ಕೆಳಗೂ ಮೇಲೂ ಉಸುಕು ಹಾಕಿ, ಉಸುಕಿನ ಮೇಲೆ ಇಟ್ಟಿಗೆ ಹೊಂದಿಸಿ ಮುಚ್ಚಬೇಕು. ಮುಂದೆ ಗುದ್ದಲಿ ಹಾಕುವವನಿಗೆ ಇಟ್ಟಿಗೆಯೇ ಎಚ್ಚರಿಕೆ ಕೊಡುವದು. ದಂಡೆಯ ಹತ್ತಿರ ಕಾಯಂ ಕೇಬಲ್ಲಿಗೊಂದು ಕಟ್ಟೆಯನ್ನೂ ಪೆಟ್ಟಿಗೆಯನ್ನೂ ಮಾಡಿ, ಅಲ್ಲಿಂದ ಮೋಟರಿಗೆ ಸಾಕಾಗುವಷ್ಟೇ ಮೆದು ಕೇಬಲ್ ಬಿಡುವದು ಉತ್ತಮ ಮಾರ್ಗ. ಬಂಡಿ ಟ್ರಾಕ್ಟರು ದಾಟುವಲ್ಲಿ ಅದನ್ನು ಕಬ್ಬಿಣದ ಕೊಳವೆಯೊಳಗಿಂದ ಹಾಯಿಸಬೇಕು. ಹೆಚ್ಚಿನ ಉದ್ದವನ್ನು ಸುರುಳಿ ಸುತ್ತಿಟ್ಟು ಮೋಟರು ನಡೆಸಬಾರದು. ಸುರುಳಿಯೊಳಗಿನ ಕಾವು ಹೊರಹೋಗದೆ ಹೊದಿಕೆ ಕರಗುವದು.

ಮೋಟರಿನ ಪೆಟ್ಟಿಗೆಯಲ್ಲಿ ಕೇಬಲ್ಲಿನ ಹೊರ ಹೊದಿಕೆಯನ್ನು ಗ್ಲ್ಯಾಂಡು ಬಿಗಿಯಾಗಿ ಹಿಡಿದಿರಬೇಕು. ಜಗ್ಗಾಟವು ಹೊದಿಕೆಯ ಮೇಲೆ ಬೀಳಬೇಕೇ ಹೊರತು ತಾಮ್ರದ ಎಳೆಗಳ ಮೇಲೆ ಬೀಳಬಾರದು. ಅರ್ಥ್ ತಂತಿಯನ್ನು ಉಳಿದ ಮೂರಕ್ಕಿಂತ ನಾಲ್ಕು ಬೆರಳು ಉದ್ದ ಬಿಡಿಸಿರಿ. ಕೇಬಲ್ ಕಿತ್ತು ಬಂದರೂ ಅದು ಕೊನೆಗೆ ಬಿಡುವದು. ನೀರಿನೊಳಗಿನ ಮೋಟರನ್ನು ಕೇಬಲ್ಲು ಹಿಡಿದು ಇಳಿಸುವದಾಗಲಿ ಎತ್ತುವದಾಗಲಿ ಎಂದಿಗೂ ಕೂಡದು. ಹಗ್ಗ ಬೇರೆ, ಕೇಬಲ್ ಬೇರೆ. ಕೇಬಲ್ಲನ್ನು ಎರಡು ಮೂರು ಮೀಟರಿಗೊಮ್ಮೆ ಕೊಳವೆಗೆ ಕಟ್ಟಬೇಕು.

ಜೋಡುಗಳ ಬಗ್ಗೆ ನನ್ನ ಅಭಿಪ್ರಾಯ ಕಠಿಣವಾಗಿದೆ. ನೆಲದ ಮೇಲೆ ಬೀಳುವ ಕೇಬಲ್ಲಿಗೆ ಜೋಡು ಇರಲೇಬಾರದು. ನೀರಿನೊಳಗೆ ಹೋಗುವದಕ್ಕೆ ಅನಿವಾರ್ಯವಾದರೆ ಪ್ರತಿಯೊಂದು ಎಳೆಯನ್ನೂ ಬೇರೆ ಬೇರೆ ಸ್ಥಳದಲ್ಲಿ ಜೋಡಿಸಿ, ರಬ್ಬರಿನ ಟೇಪನ್ನು ಎಳೆದು ಸುತ್ತಿ, ಅದರ ಮೇಲೆ ಪಿ.ವಿ.ಸಿ. ಟೇಪು ಸುತ್ತಿ, ರಾತ್ರಿಯಿಡೀ ನೀರಿನ ಬಕೇಟಿನಲ್ಲಿ ಮುಳುಗಿಸಿಟ್ಟು, ಬೆಳಗ್ಗೆ ಮೆಗ್ಗರಿನಿಂದ ಪರೀಕ್ಷಿಸಿದ ಮೇಲೆಯೇ ಇಳಿಸತಕ್ಕದ್ದು. ಮೆಗ್ಗರಿನ ಮುಳ್ಳು ಒಂದು ಮೆಗಾಓಮಿಗಿಂತ ಕೆಳಗೆ ತೋರಿಸಿದರೆ ಜೋಡನ್ನು ಬಿಚ್ಚಿ ಮತ್ತೆ ಕಟ್ಟಿಸಿರಿ. ಈ ಕೆಲಸವನ್ನು ಪರವಾನಿಗೆಯುಳ್ಳ ವಿದ್ಯುತ್ ಕೆಲಸಗಾರನೇ ಮಾಡಬೇಕು. ಊರಿನಲ್ಲಿ ಧೈರ್ಯವಂತನಾದ ಹುಡುಗನೊಬ್ಬನು ಇದ್ದೇ ಇರುತ್ತಾನೆ. ಅವನ ಧೈರ್ಯವನ್ನು ಈ ಕೆಲಸಕ್ಕೆ ಉಪಯೋಗಿಸಿಕೊಳ್ಳದಂತೆ ನೋಡುವದು ಗೌಡರ ಹಾಗೂ ಹಿರಿಯರ ಕೈಯಲ್ಲಿದೆ.

ಮೂರು ಫೇಸಿನ ವಿದ್ಯುತ್ತು ಹೊಲಗಳಿಗೆ ದಿನದ ಕೆಲವು ತಾಸು ಮಾತ್ರ, ಎಷ್ಟೋ ಸಲ ರಾತ್ರಿಯಲ್ಲಿ ಬರುವದರಿಂದ, ಬಂದೊಡನೆ ತಾನೇ ಮೋಟರು ನಡೆಸುವ ಆಟೋ ಸ್ಟಾರ್ಟರುಗಳನ್ನು ಬಹಳ ಜನರು ಕೂಡ್ರಿಸಿದ್ದಾರೆ. ಅನುಕೂಲವುಂಟು, ನಾನು ಅದನ್ನು ಅಲ್ಲಗಳೆಯುವದಿಲ್ಲ. ಆದರೆ “ಕರೆಂಟು ಇಲ್ಲ” ಎಂದು ಕೇಬಲ್ಲಿಗೆ ಕೈ ಹಾಕಿದವನಿಗೆ ಯಾವ ಕ್ಷಣ ಬರುವದೆಂದು ಗೊತ್ತಿರುವದಿಲ್ಲ. ಮೇನ್ ಸ್ವಿಚ್ಚು ತೆಗೆದು, ಫ್ಯೂಜುಗಳನ್ನು ಬಿಚ್ಚಿ ತನ್ನ ಕಿಸೆಯಲ್ಲಿಟ್ಟುಕೊಂಡವನೇ ಕೇಬಲ್ ಮುಟ್ಟತಕ್ಕದ್ದು. ಆಳುಗಳಿಗೆ ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಮಾಡಿ ತೋರಿಸಬೇಕು.

ಇಷ್ಟಾದರೂ ಅಪಘಾತವಾದರೆ, ಬಿದ್ದವನನ್ನು ಮುಟ್ಟುವ ಮೊದಲು ಸ್ವಿಚ್ಚು ತೆಗೆಯಬೇಕು. ಸ್ವಿಚ್ಚು ದೂರವಿದ್ದರೆ, ತಾನು ಒಣ ಹಲಗೆಯ ಮೇಲೆ ನಿಂತು, ಒಣ ಕಟ್ಟಿಗೆಯಿಂದ ಕೇಬಲ್ಲನ್ನು ಸರಿಸಬೇಕು. ಕಂಬದ ಮೇಲಿನ ದೊಡ್ಡ ಲೈನಿಗೆ ಈ ಉಪಾಯ ಸಲ್ಲದು, ಅದರ ಹತ್ತಿರ ಹೋಗಲೇಬಾರದು. ಹಸಿ ನೆಲದಲ್ಲಿ ದೊಡ್ಡ ಹೆಜ್ಜೆ ಹಾಕದೆ ಪಾದಗಳನ್ನು ಕೂಡಿಸಿ ಸರಿಸುತ್ತ ಹಿಂದೆ ಬರಬೇಕು. ಉಸಿರಾಟ ನಿಂತಿದ್ದರೆ ಎದೆಯ ನಡುವೆ ಎರಡೂ ಕೈಗಳಿಂದ ನಿಮಿಷಕ್ಕೆ ನೂರಕ್ಕೆ ಕಡಿಮೆಯಿಲ್ಲದಂತೆ ಒತ್ತುತ್ತ, ೧೦೮ಕ್ಕೆ ಫೋನು ಮಾಡಿಸಬೇಕು. ವಿದ್ಯುತ್ ಕಂಪನಿಗೆ ತಿಳಿಸುವ ಸಂಖ್ಯೆ ೧೯೧೨. ಮನುಷ್ಯರಾಗಲಿ ದನಗಳಾಗಲಿ ವಿದ್ಯುತ್ತಿನಿಂದ ಸತ್ತರೆ ೨೦೦೩ರ ವಿದ್ಯುತ್ ಕಾಯದೆಯ ಪ್ರಕಾರ ವಿದ್ಯುತ್ ಪರಿವೀಕ್ಷಕರಿಗೆ ವರದಿ ಹೋಗತಕ್ಕದ್ದು. ಪರೀಕ್ಷೆ ಮುಗಿಯುವವರೆಗೆ ಕೇಬಲ್ಲನ್ನು ಬಿಚ್ಚಿ ಒಯ್ಯಬಾರದು.

ಮೇಲೆ ಹೇಳಿದ ಹೊಲದಲ್ಲಿಯೂ ಪಂಚನಾಮೆಯಾಯಿತು, ಪಶುವೈದ್ಯರ ವರದಿಯೂ ಆಯಿತು. ತಪ್ಪು ಸ್ಟಾರ್ಟರಿನ ಈಚೆಗಿನದಾದ್ದರಿಂದ ಪರಿಹಾರ ದೊರೆಯಲಿಲ್ಲ. ಆ ಧನಿಯು ಉಳಿದ ಒಂಟಿ ಎತ್ತನ್ನು ಮಾರಲಿಲ್ಲ. ಮುಂದಿನ ಹಿಂಗಾರಿಗೆ ಸಾಲ ಮಾಡಿ ಜೋಡಿ ತಂದನು. ಅದಕ್ಕಿಂತ ಮೊದಲೇ ಕಟ್ಟೆ, ಪೆಟ್ಟಿಗೆ, ಸೋರಿಕೆಯ ಸ್ವಿಚ್ಚು, ನಾಲ್ಕು ಎಳೆಯ ಅಖಂಡ ಕೇಬಲ್ ಎಲ್ಲವೂ ಬಂದಿದ್ದವು. ನಾನು ಈಗ ಯಾವ ಹೊಲಕ್ಕೆ ಹೋದರೂ ಬೆಳೆಯನ್ನು ನೋಡುವ ಮೊದಲು ಬದುವನ್ನು ನೋಡುತ್ತೇನೆ.